ವಿಂಡೋಸ್ 11 ಹಾಕಿದ ಮೇಲೆ ತೊಂದರೆಯೇ? ನಿಮಗಿರುವುದು 10 ದಿನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಹಾಗಾಗಿ ಇಷ್ಟವಿದ್ದೋ ಇಲ್ಲದೆಯೋ ಹಲವರು 11ಕ್ಕೆ ಹೋಗಬೇಕಾಯಿತು. ಹೋದಮೇಲೆ ವೈಫೈ ಸಿಗ್ತಿಲ್ಲ, ಸೌಂಡ್ ಬರ್ತಿಲ್ಲ ಅಂದ್ರೆ ಗಾಬರಿಬಿದ್ದು ಫಾರ್ಮ್ಯಾಟ್ ಮಾಡಿಸಬೇಡಿ.

ಮೊದಲು ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಆಮೇಲೆ ಲ್ಯಾಪ್‌ಟಾಪ್ ತಯಾರಕರ ವೆಬ್‌ಸೈಟ್‌ನಿಂದ ವಿಂಡೋಸ್ 11ರ ಡ್ರೈವರ್ ಹಾಕಿ ನೋಡಿ.

ಆಗಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ 'ಗೋ ಬ್ಯಾಕ್' ಒತ್ತಿ. ಹಳೆಯ ವಿಂಡೋಸ್ ವಾಪಸ್ ಬರುತ್ತದೆ. ನಿಮ್ಮ ಫೈಲುಗಳು ಉಳಿಯುತ್ತವೆ, ಅಪ್‌ಡೇಟ್ ನಂತರ ಹಾಕಿದ ಆ್ಯಪ್‌ಗಳು ಹೋಗುತ್ತವೆ. ಆದರೂ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ಕೀ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕೀ ಕಳೆದರೆ ಡೇಟಾ ಹೋದಂತೆಯೇ.

ಈ 'ಗೋ ಬ್ಯಾಕ್' ಸಿಗುವುದು 10 ದಿನ ಮಾತ್ರ. ಆಮೇಲೆ ಹಳೆಯ ವಿಂಡೋಸ್‌ನ ಫೈಲುಗಳನ್ನು ಸಿಸ್ಟಮ್ಮೇ ಅಳಿಸಿಹಾಕುತ್ತದೆ. ಅಷ್ಟರೊಳಗೆ ಡಿಐಎಸ್ಎಂ ಎಂಬ ಕಮಾಂಡ್ ಬಳಸಿ ಗಡುವನ್ನು 60 ದಿನಕ್ಕೆ ಹೆಚ್ಚಿಸಿಕೊಳ್ಳಬಹುದು. ಆದರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಬಟನ್ ಇಲ್ಲ. ಕಮಾಂಡ್ ಗೊತ್ತಿದ್ದವರಿಗೆ 60 ದಿನ, ಉಳಿದವರಿಗೆ 10. ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪ್‌ನಲ್ಲಿ ಈ ತಾರತಮ್ಯ ಯಾಕೆ ಅಂತ ಕೇಳಲೇಬೇಕು.