ಬೋರ್ ನೀರು, ಹಲ್ಲು, ನರ

ನಮ್ಮ ಹಿರಿಯರು ಮೈಸೂರು ಸೀಮೆಯಿಂದ ಕಂಬಂ ಕಣಿವೆಗೆ ಬಂದವರು ಅಂತ ಮನೆಯಲ್ಲಿ ಹೇಳ್ತಾರೆ. ಈಗಲೂ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. 1895ರಲ್ಲಿ ಪೆರಿಯಾರ್ ಅಣೆಕಟ್ಟೆಯ ನೀರು ಬೆಟ್ಟ ಕೊರೆದ ಸುರಂಗದಿಂದ ಇಳಿದು ಬಂತು, ಕಣಿವೆ ಹಸಿರಾಯಿತು. ಪೂರ್ವಕ್ಕೆ ದಿಂಡಿಗಲ್ ಕಡೆ ಹೋದರೆ ಸಂಗತಿಯೇ ಬೇರೆ. ಅಲ್ಲಿ ಕಲ್ಲುನೆಲ. ಬಾವಿ ಬತ್ತಿದಂತೆಲ್ಲ ಬೋರು ಆಳಕ್ಕಿಳಿಯಿತು. ಬಂಡೆಯಲ್ಲಿದ್ದ ಫ್ಲೋರೈಡ್ ನೀರಿನ ಜೊತೆ ಕೊಡಕ್ಕೆ ಬಂತು. ನೀಲಕೋಟೆ ಬ್ಲಾಕಿನ ಕೆಲವು ಊರುಗಳಲ್ಲಿ ಅದು ಮಿತಿ ಮೀರಿರುವುದನ್ನು ಸಂಶೋಧಕರು ಗುರುತಿಸಿದ್ದಾರೆ.

ಆ ಕಡೆ ಮೇಷ್ಟ್ರಾಗಿದ್ದಾಗ ಕಂದು ಗೆರೆ ಬಿದ್ದ ಹಲ್ಲಿನ ಹುಡುಗನೊಬ್ಬನಿಗೆ, "ಹಲ್ಲು ಉಜ್ಜಲ್ವೇನೋ?" ಅಂತ ಎಲ್ಲರ ಮುಂದೆ ಬೈದೆ. ಆಮೇಲೆ ಅವನು ಕೈ ಅಡ್ಡ ಹಿಡಿದೇ ನಗುತ್ತಿದ್ದ. ಆ ಕಲೆ ಉಜ್ಜಿದರೆ ಹೋಗುವುದಲ್ಲ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಬೀಳುವುದು ಅಂತ ನನಗೆ ತಿಳಿದದ್ದು ತಡವಾಗಿ.

ತಿಳಿಯಬಹುದಿತ್ತು. 1937ರಲ್ಲೇ ಡಾಕ್ಟರ್ ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರು ಜಿಲ್ಲೆಯ ಈ ರೋಗದ ಬಗ್ಗೆ ಬರೆದಿದ್ದರು. ಆಗ ನೆಲ್ಲೂರೂ ನಾವೂ ಒಂದೇ ಮದ್ರಾಸ್ ಪ್ರಾಂತ್ಯ. ಫ್ಲೋರೈಡ್ ಬಹಳ ವರ್ಷ ಒಳಗೆ ಹೋದರೆ ಬೆನ್ನುಮೂಳೆ ದಪ್ಪಗಾಗಿ ಬೆನ್ನುಹುರಿಯನ್ನು ಒತ್ತುತ್ತದೆ, ಕಾಲು ಸೋಲುತ್ತದೆ. ಇದು ನರಕ್ಕೆ ಹೊರಗಿನಿಂದ ಬೀಳುವ ಪೆಟ್ಟು.

ಒಳಗಿನಿಂದಲೂ ಪೆಟ್ಟು ಬೀಳುತ್ತದೆಯೇ? ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವುದು ಅಸಿಟೈಲ್‌ಕೋಲಿನ್‌ನಂಥ ರಾಸಾಯನಿಕದಿಂದ. ಅದನ್ನು ಹಿಡಿಯುವ ಗ್ರಾಹಕಗಳು ಕೋಶದ ಮೇಲಿರುತ್ತವೆ, ಕೀಲಿಗೆ ಬೀಗ ಇದ್ದ ಹಾಗೆ. 2002ರಲ್ಲಿ ಚೀನಾದ ಗುವಾನ್ ಮತ್ತು ಸಂಗಡಿಗರ ಪ್ರಯೋಗ ಪ್ರಕಟವಾಯಿತು. ಏಳು ತಿಂಗಳು ಫ್ಲೋರೈಡ್ ನೀರು ಕುಡಿದ ಇಲಿಗಳ ಮೆದುಳಿನಲ್ಲಿ ಇಂಥ ಗ್ರಾಹಕಗಳು ಕಡಿಮೆಯಾಗಿದ್ದವು. ಕಲಿಕೆಗೂ ನೆನಪಿಗೂ ಬೇಕಾದವು ಇವು. ಆದರೆ ಗಮನಿಸಿ: ಆ ನೀರಿನಲ್ಲಿ ಲೀಟರಿಗೆ 30 ಮತ್ತು 100 ಮಿಲಿಗ್ರಾಂ ಫ್ಲೋರೈಡ್ ಇತ್ತು. ನಮ್ಮ ದೇಶದ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5. ಇಲಿಯ ಲೆಕ್ಕವನ್ನು ಹಾಗೇ ನಮ್ಮ ಮಕ್ಕಳ ತಲೆಗೆ ಕಟ್ಟಬಾರದು. ಕಂದು ಹಲ್ಲು ಕಂಡ ಕೂಡಲೇ "ಮಂದಬುದ್ಧಿ" ಅನ್ನುವುದು ನಾನು ಮಾಡಿದ್ದಕ್ಕಿಂತ ದೊಡ್ಡ ತಪ್ಪು.

ಮಾಡಬೇಕಾದ್ದು ನೀರಿನ ಪರೀಕ್ಷೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಮಳೆನೀರು ಹಿಡಿದಿಡಿ. ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವೂ ಇದೆ, ಆದರೆ ಅದನ್ನು ಅಳತೆ ಬಲ್ಲವರೇ ಮಾಡಬೇಕು.

ಮೇಷ್ಟ್ರುಗಳೇ, ನಿಮ್ಮ ತರಗತಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದು ನಗುತ್ತಿದ್ದರೆ ಬೈಯಬೇಡಿ. ಅವರ ಮನೆಗೆ ಯಾವ ನೀರು ಬರುತ್ತದೆ, ಕೇಳಿ.