ಹಾಲು, ಸಕ್ಕರೆ ಮತ್ತು ರಿಯಾಕ್ಟರ್: ನಮ್ಮ ಕಾರ್ಖಾನೆಗಳು ಅಣುಸ್ಥಾವರ ಕಟ್ಟಲು ಕಲಿತ ಕಥೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಹಾಲಿನ ಡೈರಿಗೆ ಯಂತ್ರ ಮಾರುತ್ತಿದ್ದ ಒಂದು ಕಂಪನಿ, ಸಕ್ಕರೆ ಕಾರ್ಖಾನೆಗೆ ಯಂತ್ರ ಮಾಡುತ್ತಿದ್ದ ಇನ್ನೊಂದು ಕಂಪನಿ. ಎರಡೂ ಸೇರಿದರೆ ಏನಾಗುತ್ತೆ? ಕಾಫಿ ಅಂತೀರಾ? ಅಲ್ಲ, ಅಣು ರಿಯಾಕ್ಟರ್.

ತಮಾಷೆ ಅಲ್ಲ ಇದು. 1938ರಲ್ಲಿ ಡೆನ್ಮಾರ್ಕಿನ ಇಬ್ಬರು ಎಂಜಿನಿಯರ್‌ಗಳು ಮುಂಬಯಿಯಲ್ಲಿ ಒಂದು ಚಿಕ್ಕ ಕಂಪನಿ ತೆರೆದರು. ತಮ್ಮ ದೇಶದ ಡೈರಿ ಯಂತ್ರಗಳನ್ನು ಇಲ್ಲಿ ಮಾರುವುದು ಅವರ ಮೊದಲ ವ್ಯಾಪಾರ. ಅವರ ಹೆಸರು ಲಾರ್ಸನ್ ಮತ್ತು ಟೂಬ್ರೊ. ನಾವೀಗ ಎಲ್ ಆಂಡ್ ಟಿ ಅಂತೀವಲ್ಲ, ಅದೇ. ಇನ್ನೊಂದು, ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದ್ದು. ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ಮಾಡಿ ಹೆಸರು ಗಳಿಸಿದ ಕಂಪನಿ. ಇವೆರಡೂ ಮುಂದೆ ಭಾರತದ ರಿಯಾಕ್ಟರ್‌ಗಳ ಹೃದಯಭಾಗವನ್ನೇ ಮಾಡಿಕೊಟ್ಟವು.

ಈ ಹಳೇ ಕಥೆ ಈಗ ಯಾಕೆ? 2025ರ ಫೆಬ್ರುವರಿಯ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಗುರಿ ಹೇಳಿತು: 2047ಕ್ಕೆ 100 ಗಿಗಾವ್ಯಾಟ್ ಅಣುವಿದ್ಯುತ್. ಆಗ ನಮ್ಮಲ್ಲಿದ್ದದ್ದು 9 ಗಿಗಾವ್ಯಾಟ್‌ಗಿಂತ ಕಡಿಮೆ. ದುಡ್ಡು ಎಲ್ಲಿಂದ, ಜಾಗ ಎಲ್ಲಿ ಅಂತ ಎಲ್ಲರೂ ಕೇಳ್ತಿದಾರೆ. ನನಗಿರೋ ಪ್ರಶ್ನೆ ಬೇರೆ. ಅಷ್ಟೊಂದು ರಿಯಾಕ್ಟರ್‌ಗಳ ಬಿಡಿಭಾಗ ಮಾಡೋರು ಯಾರು? ಅವರನ್ನು ತಯಾರು ಮಾಡೋಕೆ ಎಷ್ಟು ಕಾಲ ಬೇಕು? ಉತ್ತರ ಹುಡುಕೋಕೆ ಅರವತ್ತು ವರ್ಷ ಹಿಂದೆ ಹೋಗಬೇಕು.

ದೊಡ್ಡ ಕುಕ್ಕರ್ ಬೇಡ, ಕೊಳವೆ ಸಾಕು

ಭಾರತದ ಮೊದಲ ಅಣುವಿದ್ಯುತ್ ಸ್ಥಾವರ ಮಹಾರಾಷ್ಟ್ರದ ತಾರಾಪುರದ್ದು. 1969ರಲ್ಲಿ ವಿದ್ಯುತ್ ಕೊಡಲು ಶುರು ಮಾಡಿತು. ಅದನ್ನು ಕಟ್ಟಿಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಮನೆ ಪೂರ್ತಿ ಕಟ್ಟಿ ಕೊನೆಗೆ ಬೀಗದ ಕೈ ಕೊಟ್ಟು ಹೋಗ್ತಾರಲ್ಲ, ಆ ಥರದ ಒಪ್ಪಂದ. ಸ್ಥಾವರ ಬಂತು. ಆದರೆ ಅದನ್ನು ಮಾಡುವ ಕೈಗಳು ನಮ್ಮಲ್ಲಿ ತಯಾರಾಗಲಿಲ್ಲ.

ಹೋಮಿ ಭಾಭಾ ಮತ್ತು ಅವರ ತಂಡಕ್ಕೆ ಇದು ಗೊತ್ತಿತ್ತು. ಹಾಗಾಗಿ ಮುಂದಿನ ಸ್ಥಾವರಗಳಿಗೆ ಅವರು ಆರಿಸಿಕೊಂಡದ್ದು ಕೆನಡಾದ ಮಾದರಿ, ಭಾರಜಲ ಬಳಸುವ ರಿಯಾಕ್ಟರ್. ಇದಕ್ಕೆ ಯುರೇನಿಯಂ ಅನ್ನು ಸಂವರ್ಧನೆ ಮಾಡಬೇಕಿಲ್ಲ, ನೆಲದಿಂದ ತೆಗೆದ ಸಹಜ ಯುರೇನಿಯಂ ಸಾಕು ಅನ್ನೋದು ಎಲ್ಲರೂ ಹೇಳುವ ಕಾರಣ. ಕಾರ್ಖಾನೆ ಕಡೆಯಿಂದ ನೋಡಿದರೆ ಇನ್ನೊಂದು ಕಾರಣ ಕಾಣುತ್ತೆ.

ತಾರಾಪುರದ ಮಾದರಿಯಲ್ಲಿ ಇಡೀ ಇಂಧನ ಒಂದೇ ದೊಡ್ಡ ಉಕ್ಕಿನ ಪಾತ್ರೆಯಲ್ಲಿರುತ್ತೆ. ದೈತ್ಯ ಪ್ರೆಶರ್ ಕುಕ್ಕರ್ ಅಂದ್ಕೊಳ್ಳಿ. ಅಷ್ಟು ದಪ್ಪದ ಪಾತ್ರೆಗೆ ಬೇಕಾದ ಉಕ್ಕನ್ನು ಬಡಿದು ರೂಪಿಸುವ ಪ್ರೆಸ್ ಆಗ ಭಾರತದಲ್ಲಿ ಇರಲಿಲ್ಲ. ಕೆನಡಾ ಮಾದರಿಯಲ್ಲಿ ಒತ್ತಡವನ್ನೆಲ್ಲ ನೂರಾರು ಕೊಳವೆಗಳಿಗೆ ಹಂಚಿಬಿಡ್ತಾರೆ. 220 ಮೆಗಾವ್ಯಾಟಿನ ರಿಯಾಕ್ಟರ್‌ನಲ್ಲಿ ಇಂಥ 306 ಕೊಳವೆಗಳು. ಅವು ಹಾದುಹೋಗೋದು ಕ್ಯಾಲಾಂಡ್ರಿಯಾ ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ಪೀಪಾಯಿಯ ಒಳಗೆ. ಅದು ಅಡ್ಡಡ್ಡ ಮಲಗಿರುತ್ತೆ, ಎರಡು ತುದಿಗೂ ತೂತುತೂತಿನ ದಪ್ಪ ಮುಚ್ಚಳ. ಕ್ಯಾಲಾಂಡ್ರಿಯಾ ದೊಡ್ಡದು, ನಿಜ. ಆದರೆ ಅದರೊಳಗೆ ಹೆಚ್ಚು ಒತ್ತಡ ಇರಲ್ಲ. ತಗಡು ಬಗ್ಗಿಸಿ, ವೆಲ್ಡ್ ಮಾಡಿ, ಕೊರೆದು ಮಾಡಬಹುದು. ಅಂದರೆ, ಕಲಿಯೋಕೆ ಸಾಧ್ಯವಿದ್ದ ಕೆಲಸ ಅದು.

ಬೆಂಗಳೂರಿನ ಹುಡುಗ, ರಾವತ್‌ಭಾಟಾದ ಬಿಸಿಲು

ಇಲ್ಲಿ ನಮ್ಮೂರಿನವರೊಬ್ಬರು ಬರ್ತಾರೆ. ಎಂ.ಆರ್. ಶ್ರೀನಿವಾಸನ್. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ನಾವು ಯುವಿಸಿಇ ಅನ್ನೋ, ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ, 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿದರು. 1967ರಲ್ಲಿ ಮದರಾಸು ಅಣುವಿದ್ಯುತ್ ಸ್ಥಾವರದ, ಅಂದರೆ ಕಲ್ಪಾಕ್ಕಂನ, ಮುಖ್ಯ ಯೋಜನಾ ಎಂಜಿನಿಯರ್ ಆದರು.

ಅದಕ್ಕೆ ಮೊದಲು ರಾಜಸ್ಥಾನದ ಕೋಟಾ ಹತ್ತಿರ, ಚಂಬಲ್ ನದಿ ಪಕ್ಕದ ರಾವತ್‌ಭಾಟಾದಲ್ಲಿ ಕೆನಡಾದ ನೆರವಿನಿಂದ ಕೆಲಸ ಶುರುವಾಗಿತ್ತು. ಮೊದಲ ಘಟಕಕ್ಕೆ ಮುಖ್ಯ ಉಪಕರಣಗಳು ಹೊರಗಿನಿಂದ ಬಂದವು. ಎರಡನೆಯದಕ್ಕೆ ನಮ್ಮ ಪಾಲು ಹೆಚ್ಚಿಸೋದು, ಕಲ್ಪಾಕ್ಕಂ ಬರುವ ಹೊತ್ತಿಗೆ ನಾವೇ ಕಟ್ಟೋದು ಅನ್ನೋ ಲೆಕ್ಕಾಚಾರ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಯೋಜನೆ.

1974ರ ಮೇ 18ರಂದು ಭಾರತ ಪೋಖರಣ್‌ನಲ್ಲಿ ಅಣುಪರೀಕ್ಷೆ ನಡೆಸಿತು. ಕೆನಡಾ ಕೆರಳಿತು, ನೆರವು ನಿಲ್ಲಿಸಿತು. ರಾವತ್‌ಭಾಟಾದ ಎರಡನೇ ಘಟಕ ಅರ್ಧಕ್ಕೇ ನಿಂತಿತ್ತು. ಒಪ್ಪಂದದಡಿ ಬಂದಿದ್ದ ನಕ್ಷೆಗಳು ಇಲ್ಲಿದ್ದವು. ಬಿಡಿಭಾಗ ಬರಲಿಲ್ಲ, ಕೇಳಿದರೆ ಹೇಳಿಕೊಡುವವರೂ ಇಲ್ಲ. ಭಾರಜಲದ ಕೊರತೆ ಬೇರೆ. ಆ ಘಟಕ ವಾಣಿಜ್ಯ ಉತ್ಪಾದನೆಗೆ ಬಂದಿದ್ದು 1981ರಲ್ಲಿ. ಕಲ್ಪಾಕ್ಕಂನ ಮೊದಲ ರಿಯಾಕ್ಟರ್ ಚಾಲೂ ಆಗಿದ್ದು 1983ರ ಜುಲೈನಲ್ಲಿ, ಕೆಲಸ ಶುರುವಾಗಿ ಹನ್ನೆರಡು ವರ್ಷದ ನಂತರ.

ಈ ಕಥೆಯನ್ನು ಸಾಮಾನ್ಯವಾಗಿ ಹೇಗೆ ಹೇಳ್ತಾರೆ ಗೊತ್ತಾ? "ಅವರು ಕೊಡಲ್ಲ ಅಂದ್ರು, ನಾವು ಮಾಡಿ ತೋರಿಸಿದ್ವಿ." ಕೇಳೋಕೆ ಚೆನ್ನಾಗಿದೆ. ಆದರೆ ಅರ್ಧ ಸತ್ಯ. ಕೊಡಲ್ಲ ಅಂದ ಮಾತ್ರಕ್ಕೆ ಯಾರಿಗೂ ವೆಲ್ಡಿಂಗ್ ಬಂದುಬಿಡಲ್ಲ. ಬಾಗಿಲು ಮುಚ್ಚುವ ಮೊದಲೇ ಇಲ್ಲಿ ಹತ್ತು ವರ್ಷದ ತಯಾರಿ ನಡೆದಿತ್ತು. ನಮ್ಮನ್ನು ಕಾಪಾಡಿದ್ದು ಅದು.

ಒಂದು ಬೆಸುಗೆಗೆ ಒಂದು ಜಾತಕ

ತಯಾರಿ ಅಂದರೆ ಏನು? ಪೀಣ್ಯದಲ್ಲೋ ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲೋ ವರ್ಕ್‌ಶಾಪ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಸಾಮಾನ್ಯ ಆರ್ಡರ್‌ನಲ್ಲಿ ನಕ್ಷೆ ಬರುತ್ತೆ, ಮಾಲು ಹೋಗುತ್ತೆ, ಅಳತೆ ಸರಿ ಇದ್ದರೆ ಬಿಲ್ ಪಾಸ್. ಅಣುಸ್ಥಾವರದ ಆರ್ಡರ್‌ನಲ್ಲಿ ಮಾಲಿನ ಜೊತೆ ಮಾಲಿನ ಜಾತಕವೂ ಹೋಗಬೇಕು. ಈ ತಗಡು ಯಾವ ಕುಲುಮೆಯಲ್ಲಿ, ಯಾವ ಬ್ಯಾಚಿನಲ್ಲಿ ಕರಗಿದ್ದು? ಈ ಬೆಸುಗೆ ಹಾಕಿದ್ದು ಯಾರು? ಆತ ಆ ಬಗೆಯ ಬೆಸುಗೆಗೆ ಪರೀಕ್ಷೆ ಪಾಸಾಗಿದ್ದಾನಾ? ಎಕ್ಸ್‌ರೇ ಫಿಲ್ಮ್ ಎಲ್ಲಿ? ಒಂದು ಕಾಗದ ಕಾಣೆಯಾದರೆ, ಕಣ್ಣಿಗೆ ಎಷ್ಟೇ ಚೆಂದ ಇದ್ದರೂ ಆ ಭಾಗ ವಾಪಸ್.

ಯಾಕೆ ಇಷ್ಟು ಕಟ್ಟುನಿಟ್ಟು? ಭಾರಜಲ ಬಲು ದುಬಾರಿ, ತೊಟ್ಟಿಕ್ಕಿದರೂ ನಷ್ಟ. ಅದಕ್ಕೇ ನೀರು ತುಂಬಿಸಿ ನೋಡಿದರೆ ಸಾಲದು, ಹೀಲಿಯಂ ಅನಿಲ ಬಿಟ್ಟು ಸೋರಿಕೆ ಹುಡುಕ್ತಾರೆ. ನೀರು ನುಗ್ಗಲಾರದ ಸಂದಿಯಲ್ಲೂ ಹೀಲಿಯಂ ನುಗ್ಗುತ್ತೆ. ಎರಡನೆಯದು, ರಿಯಾಕ್ಟರ್ ಒಮ್ಮೆ ಚಾಲೂ ಆದರೆ ಒಳಗಿನ ಎಷ್ಟೋ ಭಾಗಗಳ ಹತ್ತಿರ ಮನುಷ್ಯ ಹೋಗೋ ಹಾಗಿಲ್ಲ. ಆಮೇಲೆ ಸರಿ ಮಾಡೋಣ ಅನ್ನೋ ಮಾತೇ ಇಲ್ಲ.

ಹೀಗಾಗಿ ಇಲಾಖೆಯ ಎಂಜಿನಿಯರ್‌ಗಳು ಆರ್ಡರ್ ಕೊಟ್ಟು ಆಫೀಸಿನಲ್ಲಿ ಕೂರಲಿಲ್ಲ. ಕಾರ್ಖಾನೆಗಳ ಒಳಗೇ ತಪಾಸಣೆಗೆ ನಿಂತರು. ಒಂದು ಹಂತ ಅವರ ಸಹಿ ಪಡೆಯದೆ ಮುಂದಿನ ಹಂತ ಶುರುವಾಗುತ್ತಿರಲಿಲ್ಲ. ಮೊದಮೊದಲ ಭಾಗಗಳಲ್ಲಿ ತಪ್ಪಾಗುತ್ತೆ, ತಡ ಆಗುತ್ತೆ ಅಂತ ಗೊತ್ತಿದ್ದೇ ಕೆಲಸ ಕೊಟ್ಟರು.

ಯಾರೂ ಮಾಡಿಕೊಡದ್ದನ್ನು ಇಲಾಖೆ ತಾನೇ ಮಾಡಿತು. 1967ರಲ್ಲಿ ನಿಯಂತ್ರಣ ಉಪಕರಣಗಳಿಗೆ ಹೈದರಾಬಾದಿನಲ್ಲಿ ಇಸಿಐಎಲ್ ಹುಟ್ಟಿತು. ವೋಟ್ ಹಾಕಿದವರು ಈ ಹೆಸರು ಕೇಳಿರ್ತೀರಿ. ನಮ್ಮ ಮತಯಂತ್ರಗಳನ್ನು ಮಾಡೋದು ಎರಡೇ ಸಂಸ್ಥೆ, ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಈ ಇಸಿಐಎಲ್. ಇಂಧನ ಮತ್ತು ಜಿರ್ಕೋನಿಯಂ ಕೊಳವೆಗಳಿಗಾಗಿ ಅದೇ ಊರಲ್ಲಿ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಬಂತು. ಪಕ್ಕದಲ್ಲೇ 1970ರಲ್ಲಿ ಮೂವರು ಸೇರಿ ಎಂಟಾರ್ ಅನ್ನೋ ಚಿಕ್ಕ ಕಂಪನಿ ಶುರು ಮಾಡಿದರು. ರಿಯಾಕ್ಟರ್ ಓಡ್ತಾ ಇರುವಾಗಲೇ ಹಳೇ ಇಂಧನ ತೆಗೆದು ಹೊಸದು ತುಂಬುವ ಯಂತ್ರದ ತಲೆಯನ್ನು ಮಾಡುವಷ್ಟು ಮುಂದೆ ಹೋದರು. 2021ರಲ್ಲಿ ಆ ಕಂಪನಿಯ ಷೇರು ಮಾರುಕಟ್ಟೆಗೆ ಬಂದಾಗ ಎಷ್ಟೋ ಜನ ಮೊದಲ ಸಲ ಅದರ ಹೆಸರು ಕೇಳಿದರು.

ಬಿದ್ದದ್ದನ್ನೂ ಹೇಳಬೇಕು

ಇಲ್ಲಿಗೇ ಮುಗಿಸಿದರೆ ನಾನು ನಿಮಗೆ ಬರೀ ಹೆಮ್ಮೆ ಮಾರಿದ ಹಾಗಾಗುತ್ತೆ. ಎರಡು ದಿನಾಂಕ ಹೇಳ್ತೀನಿ.

1993ರ ಮಾರ್ಚ್ 31, ಉತ್ತರಪ್ರದೇಶದ ನರೋರಾ. ಟರ್ಬೈನಿನ ಎರಡು ಬ್ಲೇಡುಗಳು ಮುರಿದವು. ಯಂತ್ರ ಅದುರಿತು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟು ಸ್ಥಾವರಕ್ಕೇ ಕರೆಂಟ್ ಇಲ್ಲದಾಯಿತು. ಗಂಟೆಗಟ್ಟಲೆ ಕತ್ತಲೆ. ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಬೋರಾನ್ ದ್ರಾವಣವನ್ನು ಕೈಯಿಂದಲೇ ಬಿಟ್ಟು ರಿಯಾಕ್ಟರ್ ಮತ್ತೆ ಹೊತ್ತಿಕೊಳ್ಳದ ಹಾಗೆ ನೋಡಿಕೊಂಡರು. ವಿಕಿರಣ ಹೊರಗೆ ಬರಲಿಲ್ಲ. ಗಮನಿಸಿ, ಕೈಕೊಟ್ಟಿದ್ದು ರಿಯಾಕ್ಟರ್ ಅಲ್ಲ, ಯಾವುದೇ ಕಲ್ಲಿದ್ದಲು ಸ್ಥಾವರದಲ್ಲೂ ಇರುವಂಥ ಟರ್ಬೈನು. ಇದು ಮಾಮೂಲಿ ಭಾಗ ಅಂತ ಅಣುಸ್ಥಾವರದಲ್ಲಿ ಯಾವುದಕ್ಕೂ ಹೇಳೋಕಾಗಲ್ಲ ಅನ್ನೋದು ಅವತ್ತು ಕಲಿತ ಪಾಠ.

ಎರಡನೆಯದು ನಮ್ಮ ಮನೆಯದ್ದೇ. 1994ರ ಮೇ 13, ಉತ್ತರ ಕನ್ನಡದ ಕೈಗಾ. ಮೊದಲ ಘಟಕ ಇನ್ನೂ ಕಟ್ಟುತ್ತಿದ್ದ ಹಂತ. ರಿಯಾಕ್ಟರಿನ ಮೇಲಿನ ಒಳ ಗುಮ್ಮಟದಿಂದ ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಪದರವಾಗಿ ಕಳಚಿ ಕೆಳಗೆ ಬಿತ್ತು. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಇಂಧನ ಇನ್ನೂ ತುಂಬಿರಲಿಲ್ಲ. ಯೋಚನೆ ಮಾಡಿ, ಅಪಘಾತದ ದಿನ ವಿಕಿರಣವನ್ನು ತಡೆಯಬೇಕಾದ ಗುಮ್ಮಟವೇ ಅದು. ಶಿವರಾಮ ಕಾರಂತರು ಕೈಗಾ ವಿರುದ್ಧ ಹೋರಾಡಿ, 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತಿದ್ದರು, ಸೋತಿದ್ದರು. ಆವತ್ತಿನಿಂದ ಅವರ ಜೊತೆಗಿದ್ದವರ ಪ್ರಶ್ನೆಗಳನ್ನು ಹಗುರವಾಗಿ ತಳ್ಳಿಹಾಕುವುದು ಕಷ್ಟವಾಯಿತು.

ಕೆಲಸ ನಿಂತಿತು, ತನಿಖೆ ನಡೆಯಿತು. ಕಾಂಕ್ರೀಟಿನೊಳಗೆ ಎಳೆದು ಬಿಗಿದ ಉಕ್ಕಿನ ಕೇಬಲ್‌ಗಳು ಪದರಗಳನ್ನು ಬೇರೆ ಮಾಡುವಂತೆ ಹಾಕಿದ್ದ ಬಲವನ್ನು ವಿನ್ಯಾಸದಲ್ಲಿ ಸಾಕಷ್ಟು ಲೆಕ್ಕ ಹಾಕಿರಲಿಲ್ಲ. ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ, ಇನ್ನೂ ಗಟ್ಟಿಯಾದ ಕಾಂಕ್ರೀಟಿನಿಂದ ಕಟ್ಟಿದರು. ಮೊದಲ ಘಟಕ ಚಾಲೂ ಆಗೋಕೆ 2000ನೇ ಇಸವಿ ಬಂತು.

ಮತ್ತೆ ಮೇ 13

ಈ ಎಪಿಸೋಡಿಗೆ ಓದ್ತಾ ಇದ್ದಾಗ ಒಂದು ತಾರೀಖು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. 2016ರ ಮೇ 13ರಂದು ಕೈಗಾದ ಅದೇ ಮೊದಲ ಘಟಕವನ್ನು ಚಾಲೂ ಮಾಡಿದರು. ಗುಮ್ಮಟ ಬಿದ್ದು ಸರಿಯಾಗಿ 22 ವರ್ಷ. ಆಮೇಲೆ ಅದು ನಿಂತಿದ್ದು 2018ರ ಡಿಸೆಂಬರ್ 31ಕ್ಕೆ. ನಡುವೆ 962 ದಿನ ಒಂದು ಸಲವೂ ನಿಲ್ಲಲಿಲ್ಲ. ಬ್ರಿಟನ್ನಿನ ಹೇಶಮ್ ಸ್ಥಾವರದ ಹೆಸರಲ್ಲಿದ್ದ 940 ದಿನಗಳ ವಿಶ್ವದಾಖಲೆ ಮುರಿಯಿತು. ಈ ದಾಖಲೆಯನ್ನು ಮುಂದೆ ಮುರಿದವರು ಯಾರು ಗೊತ್ತಾ? ಕೆನಡಾದವರು. ಡಾರ್ಲಿಂಗ್ಟನ್ ಸ್ಥಾವರ.

ಬಿದ್ದ ಗುಮ್ಮಟ, 962 ದಿನದ ಓಟ, ಎರಡೂ ಒಂದೇ ಸ್ಥಾವರದ್ದು. ನಡುವೆ ಇದ್ದದ್ದು ಕೆಲಸ ನಿಲ್ಲಿಸಿ, ತಪ್ಪು ಒಪ್ಪಿಕೊಂಡು, ಮತ್ತೆ ಮಾಡಿದ ವರ್ಷಗಳು.

ಈಗ ಇವತ್ತಿಗೆ ಬರೋಣ. 2017ರಲ್ಲಿ ಸರ್ಕಾರ 700 ಮೆಗಾವ್ಯಾಟಿನ ಹತ್ತು ರಿಯಾಕ್ಟರ್‌ಗಳಿಗೆ ಒಟ್ಟಿಗೇ ಒಪ್ಪಿಗೆ ಕೊಟ್ಟಿತು. ಕೈಗಾದ ಐದು ಮತ್ತು ಆರನೇ ಘಟಕ ಅದರಲ್ಲಿವೆ. ಒಟ್ಟಿಗೇ ಯಾಕೆ? ಒಂದೊಂದೇ ಆರ್ಡರ್ ಕೊಟ್ಟರೆ ಕಾರ್ಖಾನೆ ಯಂತ್ರ ಹಾಕುತ್ತೆ, ಜನರನ್ನು ತಯಾರು ಮಾಡುತ್ತೆ, ಕೆಲಸ ಮುಗಿದ ಮೇಲೆ ಮುಂದಿನ ಆರ್ಡರ್‌ಗೆ ವರ್ಷಗಟ್ಟಲೆ ಕಾಯುತ್ತೆ. ಅಷ್ಟರಲ್ಲಿ ಪಳಗಿದ ವೆಲ್ಡರ್ ಗಲ್ಫಿಗೆ ಹೋಗಿರ್ತಾನೆ. ತುಕ್ಕು ಹಿಡಿದ ಯಂತ್ರ ಒರೆಸಬಹುದು, ಹೋದ ಕೈಚಳಕ ವಾಪಸ್ ತರೋದು ಕಷ್ಟ. 700 ಮೆಗಾವ್ಯಾಟಿನ ಮೊದಲ ರಿಯಾಕ್ಟರ್, ಗುಜರಾತಿನ ಕಾಕ್ರಾಪಾರದ್ದು, 2010ರಲ್ಲಿ ಶುರುವಾಗಿ ವಾಣಿಜ್ಯ ಉತ್ಪಾದನೆಗೆ ಬಂದಿದ್ದು 2023ರಲ್ಲಿ. ಹನ್ನೆರಡು ವರ್ಷ ದಾಟಿತು. ಹೆಚ್ಚೂಕಡಿಮೆ ಕಲ್ಪಾಕ್ಕಂನಷ್ಟೇ.

ಶ್ರೀನಿವಾಸನ್ 2025ರ ಮೇ ತಿಂಗಳಲ್ಲಿ ಊಟಿಯಲ್ಲಿ ತೀರಿಕೊಂಡರು, 95 ವರ್ಷ. ಖಾಸಗಿ ಕಂಪನಿಗಳಿಗೆ ಈ ಕ್ಷೇತ್ರದ ಬಾಗಿಲು ತೆರೆಯುವ ಮಾತು ಅದೇ ವರ್ಷ ಗಟ್ಟಿಯಾಯಿತು. ಬೇಗ, ಬೇಗ ಅನ್ನೋ ಒತ್ತಡ ಇನ್ನು ಹೆಚ್ಚುತ್ತೆ. ನನ್ನ ಅನಿಸಿಕೆ ಇಷ್ಟೇ. ಬೇಗ ಕಟ್ಟೋದರಲ್ಲಿ ತಪ್ಪಿಲ್ಲ, ಆರ್ಡರ್ ನಿಲ್ಲದೆ ಬರ್ತಾ ಇದ್ದರೆ ಅದು ಸಾಧ್ಯವೂ ಹೌದು. ಆದರೆ ಕಾರ್ಖಾನೆಯೊಳಗೆ ನಿಂತು, ಕಾಗದ ಸರಿ ಇಲ್ಲ, ವಾಪಸ್ ಅನ್ನೋ ಆ ತಪಾಸಣಾ ಎಂಜಿನಿಯರ್‌ನ ಮಾತಿಗೆ ಬೆಲೆ ಕಡಿಮೆ ಆಗಬಾರದು. ಹಾಲು, ಸಕ್ಕರೆ ಯಂತ್ರದವರು ರಿಯಾಕ್ಟರ್ ಕಲಿತದ್ದು ಆ ಮಾತು ಕೇಳಿಸಿಕೊಂಡೇ.

ನೀವು ಐಟಿಐನಲ್ಲೋ ಡಿಪ್ಲೊಮಾದಲ್ಲೋ ಫಿಟ್ಟರ್, ವೆಲ್ಡರ್, ಮೆಕ್ಯಾನಿಕಲ್ ಓದ್ತಾ ಇದ್ದರೆ ಇನ್ನೂ ಒಂದು ಮಾತು. ಮುಂದಿನ ರಿಯಾಕ್ಟರ್‌ಗಳ ಬೆಸುಗೆಗಳ ಜಾತಕದಲ್ಲಿ ಯಾರದೋ ಹೆಸರು ಬರೀಲೇಬೇಕು. ಅದು ನಿಮ್ಮದಾಗಿರಬಹುದು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಕಾರ್ಖಾನೆಗಳಲ್ಲಿ ದುಡಿದಿದ್ದರೆ, ಅವರನ್ನು ಕೂರಿಸಿಕೊಂಡು ಇದನ್ನು ಕೇಳಿಸಿ. ನಾನು ಹೇಳಿದ್ದಕ್ಕಿಂತ ಒಳ್ಳೆ ಕಥೆ ಅವರ ಹತ್ತಿರ ಇರುತ್ತೆ.