ಬುತ್ತಿಗಂಟು, ಕಪ್ಪು-ಬಸಿ

ಪತ್ರಿಕೆಗಳ ಭಾನುವಾರದ ಪುರವಣಿ ತೆರೆದರೆ ಸಾಕು, ಯಾರೋ ಒಬ್ಬರು ಹೆಂಡತಿ ಮಕ್ಕಳ ಜೊತೆ, ಗೆಳೆಯರ ಜೊತೆ ಪ್ರವಾಸ ಹೋಗಿ ಯಾವ ಊರಿನ ಯಾವ ಹೋಟೆಲ್ಲಿನಲ್ಲಿ ಏನು ತಿಂದೆವು ಅಂತ ಬಾಯಿ ಚಪ್ಪರಿಸಿ ಬರೆದಿರುತ್ತಾರೆ. ದಾವಣಗೆರೆಯ ಬೆಣ್ಣೆದೋಸೆ, ಮದ್ದೂರಿನ ವಡೆ, ಧಾರವಾಡದ ಫೇಡೆ, ಹುಬ್ಬಳ್ಳಿಯ ಗಿರಮಿಟ್ಟು. ಬರೆಯಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಅವುಗಳ ರುಚಿ ಈಗ ನಮಗೂ ಗೊತ್ತು. ಆದರೆ ಗೆಳೆಯರೆ, ಅಂಥ ಬರಹಗಳಲ್ಲಿ ಹೋಟೆಲ್ಲಿಗೆ ಬಾಗಿಲೇ ಇರುವುದಿಲ್ಲ. ಹಸಿವಾಯಿತು, ಒಳಗೆ ಹೋದೆವು, ಕುಂತೆವು, ತಿಂದೆವು. ಆ ಬಾಗಿಲು ದಾಟಲಿಕ್ಕೆ ನಮ್ಮ ಕೇರಿಗಳಿಗೆ ಎಷ್ಟು ತಲೆಮಾರು ಹಿಡಿಯಿತು ಎಂಬುದು ಯಾವ ಚರಿತ್ರೆಯ ಪಾಠದಲ್ಲೂ ಇಲ್ಲ. ದೊಡವಾಡದ ಸುತ್ತಿನ ಹಳ್ಳಿಗಳಲ್ಲಿ ಶಾಲೆ ಕಲಿತ ನಾವು ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಬೆಳವಡಿ ಮಲ್ಲಮ್ಮ ಅಂತ ಬಾಯಿಪಾಠ ಒಪ್ಪಿಸುತ್ತೇವೆ. 1824 ಅಂದರೆ ಏನು ಅಂತ ನಿದ್ದೆಗಣ್ಣಲ್ಲೂ ಹೇಳುತ್ತೇವೆ. ನಿಮ್ಮ ಮುತ್ಯಾ ಮೊದಲ ಸಲ ಹೋಟೆಲ್ಲಿನೊಳಗೆ ಕುಂತು ಕಪ್ಪು-ಬಸಿಯಲ್ಲಿ ಚಾ ಕುಡಿದ ವರ್ಷ ಯಾವುದು ಅಂದರೆ ಸುಮ್ಮನಾಗುತ್ತೇವೆ.

ನಮ್ಮ ಜನಕ್ಕೆ ಪ್ರವಾಸ ಅಂದರೆ ಜಾತ್ರೆ. ಜಾತ್ರೆ ಅಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಊರಿನವರು ಗಾಡಿ ಕಟ್ಟಿದರೆ, ಕೇರಿಯಲ್ಲಿ ಎತ್ತು ಇಲ್ಲದವರು ನಡೆದೇ ಹೋಗುತ್ತಿದ್ದರು. ತಲೆ ಮೇಲೆ ಬುತ್ತಿಗಂಟು. ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ, ಜುಣಕದ ವಡಿ, ಉಳ್ಳಾಗಡ್ಡಿ. ಇವತ್ತು ಇದೇ ಕಟಕ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 'ಉತ್ತರ ಕರ್ನಾಟಕದ ಸಂಸ್ಕೃತಿ' ಅಂತ ಮಾರುತ್ತಾರೆ. ಒಣಗಿದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಹಿಂಡಿಗೆ ಹಸಿ ಬೇಡ, ವಡಿಗೆ ತಾಟು ಬೇಡ, ಇದೆಲ್ಲ ನಿಜ. ಊರಿನವರೂ ಇದನ್ನೇ ಕಟ್ಟುತ್ತಿದ್ದರು. ಆದರೆ ಅವರಿಗೆ ಅದು ಅನುಕೂಲ. ನಮಗೆ ಅದೊಂದೇ ದಾರಿ. ಯಾರ ಒಲೆಯನ್ನೂ, ಯಾರ ಪಾತ್ರೆಯನ್ನೂ, ಯಾರ ಕಟ್ಟೆಯನ್ನೂ ಬೇಡದೆ ತಿನ್ನಬಹುದಾದ ಅನ್ನ ಅದು. ಬೇಡಲೇಬೇಕಾದದ್ದು ಒಂದೇ: ನೀರು.

ಈ ನೀರಿನ ಮಾತು ಸಣ್ಣದಲ್ಲ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಬರಹವನ್ನು ನಮ್ಮ ಹುಡುಗರು ತಪ್ಪದೆ ಓದಬೇಕು. ಅದು ಶುರುವಾಗುವುದೇ ಒಂದು ಪ್ರವಾಸದಿಂದ. 1901ರಲ್ಲಿ ಹತ್ತು ವರ್ಷದ ಭೀಮರಾವ್ ತನ್ನ ಅಣ್ಣ ಮತ್ತು ಮನೆಯ ಹುಡುಗರ ಜೊತೆ, ಹೊಸ ಬಟ್ಟೆ ಹಾಕಿಕೊಂಡು, ಸಾತಾರೆಯಿಂದ ರೈಲು ಹತ್ತಿ ಗೋರೆಗಾಂವದಲ್ಲಿದ್ದ ತಂದೆಯ ಬಳಿ ಹೊರಡುತ್ತಾನೆ. ಮಸೂರ ಸ್ಟೇಷನ್ನಿನಲ್ಲಿ ಇಳಿಯುವವರೆಗೆ ಎಲ್ಲ ಸಂಭ್ರಮ. ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬೇರೆಯಾಗುತ್ತದೆ. ಬಾಡಿಗೆ ಗಾಡಿಯವರು ಒಲ್ಲೆ ಅನ್ನುತ್ತಾರೆ. ಕಡೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅದೂ ಹುಡುಗರೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆಯುತ್ತಾನೆ. ಬುತ್ತಿ ಬೇಕಾದಷ್ಟಿತ್ತು. ಕುಡಿಯುವ ನೀರಿಲ್ಲ. ಸಿಕ್ಕದ್ದು ಸೆಗಣಿ, ಗಂಜಲ ಕೂಡಿದ ಕೆಸರು. ಸುಂಕದ ಕಟ್ಟೆಯವನೂ ನೀರು ಕೊಡಲಿಲ್ಲ. ತುಂಬಿದ ಬುತ್ತಿಯನ್ನು ಪಕ್ಕಕ್ಕಿಟ್ಟುಕೊಂಡು ಆ ಮಕ್ಕಳು ಉಪವಾಸ ಮಲಗಿದರು. ಹಸಿವು ಬಡತನದಿಂದ ಮಾತ್ರ ಬರುತ್ತದೆ ಎನ್ನುವ ನಮ್ಮ ಕೆಲವು ಎಡಪಂಥೀಯ ಗೆಳೆಯರು ಈ ರಾತ್ರಿಯನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೋ ನೋಡಬೇಕು.

ಅಷ್ಟರಲ್ಲಿ ಪಟ್ಟಣಗಳಲ್ಲಿ ಖಾನಾವಳಿ, ಕಾಫಿ ಕ್ಲಬ್ಬು ಹುಟ್ಟಿದ್ದವು. ರೈಲು ಬಂತು, ಕಚೇರಿ ಬಂತು, ಕೋರ್ಟು ಬಂತು. ಮನೆ ಬಿಟ್ಟು ಬಂದ ಗಂಡಸರಿಗೆ ಊಟ ಬೇಕಾಯಿತು. ಹೋಟೆಲ್ಲು ಜಾತಿ ಮುರಿಯಿತು ಎಂದು ಕೆಲವು ಪಂಡಿತರು ಬರೆಯುತ್ತಾರೆ. ಅರ್ಧ ಸತ್ಯ. ಯಾರು ಬೇಯಿಸಿದರೋ, ಯಾರು ಪಕ್ಕದಲ್ಲಿ ಕುಂತರೋ ಎಂಬ ಮಡಿವಂತರ ಭಯಕ್ಕೆ ಹೋಟೆಲ್ಲಿನವರು ಮೊದಲು ಕೊಟ್ಟ ಉತ್ತರ ಬೋರ್ಡು. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲ್ಲಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ನಮ್ಮ ಕಡೆ ಬನ್ನಿ: ಬ್ರಾಹ್ಮಣರ ಖಾನಾವಳಿ, ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಯಾರ ಮನೆಯ ಊಟಕ್ಕೆ ಯಾರು ಕುಂತರು ಎಂಬುದೇ ದೊಡ್ಡ ಜಗಳವಾಗಿತ್ತು. ಆ ಬಸವಣ್ಣನ ಚಿತ್ರ ಗಲ್ಲೆಯ ಮೇಲೆ, ಜಾತಿಯ ಹೆಸರು ಬಾಗಿಲ ಮೇಲೆ. ಜೋಳದ ರೊಟ್ಟಿ, ಎಣ್ಣೆಗಾಯಿಯ ರುಚಿಗೆ ನಾವು ಕೈ ಮುಗಿಯುತ್ತೇವೆ. ಬೋರ್ಡಿಗಲ್ಲ.

ತಮಿಳುನಾಡಿನವರು ಬೋರ್ಡನ್ನೇ ಹಿಡಿದು ಜಗಳಕ್ಕೆ ನಿಂತರು. ರೈಲು ನಿಲ್ದಾಣಗಳ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇದ್ದದ್ದು ಪೆರಿಯಾರರ ಹೋರಾಟದಿಂದ 1941ರಲ್ಲಿ ಹೋಯಿತು. 1957ರಲ್ಲಿ ಮದರಾಸಿನ ಒಂದು ಹೋಟೆಲ್ಲಿನ ಬೋರ್ಡಿನಿಂದ 'ಬ್ರಾಹ್ಮಣ' ಪದ ಅಳಿಸಬೇಕು ಅಂತ ಅವರ ಜನ ಸತ್ಯಾಗ್ರಹ ಮಾಡಿ ಜೈಲು ಸೇರಿದರು. ನಾವು ಕನ್ನಡದವರು ಬೋರ್ಡನ್ನು ಓದಿ, ಸುಮ್ಮನೆ ರಸ್ತೆಯ ಆ ಬದಿಗೆ ದಾಟಿದೆವು.

ನಮಗೆ ಹತ್ತಿರದ್ದು ಕೊಲ್ಲಾಪುರದ ಕತೆ. ಗಂಗಾರಾಮ ಕಾಂಬಳೆ ಎಂಬ ಮಹಾರ ಶಾಹೂ ಮಹಾರಾಜರ ಲಾಯದಲ್ಲಿ ಕೆಲಸಕ್ಕಿದ್ದ. ಮೇಲುಜಾತಿಯ ಆಳುಗಳ ನೀರಿನ ತೊಟ್ಟಿ ಮುಟ್ಟಿದ ಅಂತ ಅವನನ್ನು ಹೊಡೆದು ಹಣ್ಣು ಮಾಡಿದರು. ದೂರು ಮಹಾರಾಜರಿಗೆ ಮುಟ್ಟಿತು. ಹೊಡೆದವರಿಗೆ ಶಿಕ್ಷೆ ಕೊಟ್ಟ ಶಾಹೂ ಅಷ್ಟಕ್ಕೆ ಬಿಡಲಿಲ್ಲ. ಸ್ವತಂತ್ರವಾಗಿ ಬದುಕು ಅಂತ ಗಂಗಾರಾಮನಿಗೆ ಸಹಾಯ ಮಾಡಿ ಚಾದಂಗಡಿ ಇಡಿಸಿದರು. ಅಂಗಡಿ ಸ್ವಚ್ಛ, ಚಾ ಚಲೋ, ಗಿರಾಕಿ ಇಲ್ಲ. ಮಹಾರನ ಕೈಯ ಚಾ ಯಾರು ಕುಡಿಯಬೇಕು? ಆಗ ಶಾಹೂ ತಾವೇ ಸಾರೋಟು ಆ ಅಂಗಡಿಯ ಮುಂದೆ ನಿಲ್ಲಿಸಿ ಚಾ ತರಿಸಿ ಕುಡಿದರು. ಜೊತೆಗಿದ್ದ ಮೇಲುಜಾತಿಯ ಸರದಾರರಿಗೂ ಕುಡಿಸಿದರು. ರಾಜ ಕುಡಿದ ಮೇಲೆ ಒಲ್ಲೆ ಅನ್ನಲು ಯಾರಿಗೆ ಗಂಟಲಿದೆ?

ಈ ಕತೆಯನ್ನು ನಮ್ಮವರು ವೇದಿಕೆಯ ಮೇಲೆ ಹೇಳುವಾಗ ಶಾಹೂ ಅವರ ದೊಡ್ಡತನಕ್ಕೆ ಚಪ್ಪಾಳೆ ಬೀಳುತ್ತದೆ. ಬೀಳಲಿ. 1902ರಲ್ಲೇ ಸರಕಾರಿ ನೌಕರಿಯಲ್ಲಿ ನೂರಕ್ಕೆ ಐವತ್ತು ಮೀಸಲಿಟ್ಟ ದೊರೆ ಅವರು. ಆದರೆ ನಮ್ಮ ಕಣ್ಣು ಗಂಗಾರಾಮನ ಮೇಲೆ. ತೊಟ್ಟಿ ಮುಟ್ಟಿ ಹೊಡೆಸಿಕೊಂಡವನು ಅದೇ ನೀರನ್ನು ಕಾಯಿಸಿ ಊರಿಗೆ ಮಾರಲು ಕುಂತ. ಅಲ್ಲಿಯವರೆಗೂ, ಅಲ್ಲಿಂದ ಮುಂದೆಯೂ, ಹೋಟೆಲ್ಲಿನ ಜಗಳವೆಲ್ಲ ನಮ್ಮನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು. ಗಂಗಾರಾಮ ಎತ್ತಿದ ಪ್ರಶ್ನೆ ಬೇರೆ: ನಮ್ಮ ಕಡೆಗೆ ನೀವು ಬರುತ್ತೀರೋ? ಗಿರಾಕಿಯಾಗಿ ಒಳಗೆ ಹೋಗುವ ಹಕ್ಕನ್ನು ಕಾಯಿದೆ ಕೊಡಬಹುದು. ಮಾಲೀಕನಾದರೆ ಗಿರಾಕಿಯನ್ನು ಯಾವ ಕಾಯಿದೆ ಎಳೆದುಕೊಂಡು ಬರುತ್ತದೆ? ಒಂದು ಕಪ್ಪು ಚಾ ಮಾರಾಟವಾಗಲಿಕ್ಕೆ ಒಬ್ಬ ರಾಜ ಬಂದು ಕೂರಬೇಕಾಯಿತು. ಇವತ್ತು ಬೈಲಹೊಂಗಲದಿಂದ ಬೆಳಗಾವಿವರೆಗೆ ದಾರಿಯ ಎರಡೂ ಬದಿ ನೋಡುತ್ತ ಹೋಗಿರಿ. 'ಮಾದರ ಖಾನಾವಳಿ' ಎಂಬ ಬೋರ್ಡು ಕಂಡರೆ ನಮಗೊಂದು ಕಾರ್ಡು ಬರೆಯಿರಿ.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಅದರ ನೂರು ವರ್ಷವನ್ನು ಮೊನ್ನೆ ದೀಪ ಹಚ್ಚಿ ಆಚರಿಸಿದರು. ಅಧಿವೇಶನ ಮುಗಿದ ನಾಲ್ಕನೇ ತಿಂಗಳಿಗೆ, 1925ರ ಏಪ್ರಿಲಿನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಪರಿಷತ್ತು ನಡೆಸಿದ್ದಕ್ಕೆ ಅಂಥ ದೀಪ ಕಾಣಲಿಲ್ಲ. ಎರಡು ವರ್ಷದ ನಂತರ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆ. ನೀರು ಮುಟ್ಟಿದ ಮೇಲೆ ಪುಂಡರು ಪೆಂಡಾಲಿಗೆ ನುಗ್ಗಿದ್ದು ಯಾವಾಗ ಗೊತ್ತೇ? ನಮ್ಮ ಜನ ಊಟಕ್ಕಿದ್ದಾಗ. ತಲೆ ಒಡೆದದ್ದಷ್ಟೇ ಅಲ್ಲ, ಅನ್ನವನ್ನು ಮಣ್ಣಿನಲ್ಲಿ ತುಳಿದರು. ಇನ್ನು 1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಸಂಗಾತಿಗಳ ಜೊತೆ ವೇರೂಳದ ಗವಿಗಳನ್ನು ನೋಡಲು ಹೊರಟರು. ಗೆಳೆಯರ ಪ್ರವಾಸವೇ ಅದು. ದೌಲತಾಬಾದ್ ಕೋಟೆಯ ಹೊಂಡದಲ್ಲಿ ಮುಖ ತೊಳೆದುಕೊಂಡಿದ್ದಕ್ಕೆ ನೀರು ಕೆಟ್ಟಿತೆಂದು ಅರಚಿಕೊಂಡು ಬಂದವನು ಒಬ್ಬ ಮುಸಲ್ಮಾನ ಮುದುಕ. ನಮ್ಮ ಕೇರಿಯ ಹಿರೇರು ಹುಬ್ಬಳ್ಳಿಗೆ ಹೋದರೆ ಮೊದಲು ಧೈರ್ಯದಿಂದ ಹೊಕ್ಕದ್ದು ಸಾಬರ ಹೋಟೆಲ್ಲು ಅಂತ ಹೇಳುತ್ತಾರೆ. ಆ ಋಣ ನಾವು ಮರೆಯುವುದಿಲ್ಲ. ಆದರೆ ಜಾತಿಯ ವಿಷ ಧರ್ಮದ ಗಡಿಯನ್ನೂ ದಾಟಿ ಹರಿದಿತ್ತು.

ಕಾಯಿದೆಯ ಚರಿತ್ರೆ ಕಾಗದದ ಮೇಲೆ ಬಹಳ ಚೆಂದ ಇದೆ. ನಮ್ಮ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹರಿಜನರ ಸಾಮಾಜಿಕ ನಿರ್ಬಂಧ ತೆಗೆಯುವ 1946ರ ಮುಂಬಯಿ ಕಾಯಿದೆ ನಮಗೂ ಅನ್ವಯ. 1950ರ ಜನವರಿ 26ರಿಂದ ಸಂವಿಧಾನದ 15ನೇ ಅನುಚ್ಛೇದ ಅಂಗಡಿ, ಹೋಟೆಲ್ಲುಗಳ ಬಾಗಿಲು ತೆರೆಯಿತು, 17ನೆಯದು ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಜೂನ್ 1ರಿಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಅದರ 4ನೇ ಕಲಮನ್ನು ಹಳ್ಳಿಯ ಮಾಸ್ತರುಗಳು ಹಲಗೆಯ ಮೇಲೆ ಬರೆಯಬೇಕು: ಹೋಟೆಲ್ಲಿಗೆ ಹೋಗುವುದಕ್ಕೆ ಮಾತ್ರವಲ್ಲ, ಅಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆ ಪದಾರ್ಥ ಬಳಸಲಿಕ್ಕೆ ತಡೆದರೂ ಅಪರಾಧ. ಶಿಕ್ಷೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಐದು ನೂರು ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಕಟ್ಟಿ ಮೀಸೆ ತಿರುವುವವರು ಹೆಚ್ಚಾದಾಗ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಿಸಿ, ಒಂದು ತಿಂಗಳಾದರೂ ಸಜೆ ಕಡ್ಡಾಯ ಮಾಡಿದರು.

ಹಳ್ಳಿಯ ಚಾದಂಗಡಿ ಏನು ಮಾಡಿತು? ಪಾತ್ರೆಯನ್ನು ಎರಡು ಮಾಡಿತು. ಒಳಗೆ ಕಪ್ಪು-ಬಸಿ, ಹೊರಗೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ ಗಿಲಾಸು. ಕುಡಿದವನೇ ತೊಳೆದು ಸಿಕ್ಕಿಸಿ, ದುಡ್ಡು ದೂರದಿಂದ ಇಡಬೇಕು. ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರಲ್ಲಿ ಈ ಗಿಲಾಸು ಒಡೆಯಲು ಹೋಗಿ ಹೊಡೆತ ತಿಂದರು, ಬಹಿಷ್ಕಾರ ಉಂಡರು. ಈಗ ಗಿಲಾಸು ಕಾಣುವುದಿಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ಕಪ್ಪು, ಕಾಗದದ ಕಪ್ಪು. ಎಲ್ಲರಿಗೂ ಅದನ್ನೇ ಕೊಟ್ಟರೆ ನಮ್ಮ ತಕರಾರಿಲ್ಲ. ಊರಿನವನಿಗೆ ಗಾಜಿನ ಗಿಲಾಸು, ಕೇರಿಯವನು ಬಂದ ಕೂಡಲೆ ಕಾಗದದ್ದು ಅಂದರೆ, ಬಳಸಿ ಬಿಸಾಡುವ ಕಪ್ಪು ಮಾಲೀಕನನ್ನು 4ನೇ ಕಲಮಿನಿಂದ ಉಳಿಸಿದೆ ಅಷ್ಟೇ. ಯಂತ್ರ ಬಂದರೆ ಜಾತಿ ಹೋಗುತ್ತದೆ ಅಂದವರು ಇದನ್ನೂ ನೋಡಲಿ.

ಇದೇ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ 1987ರಲ್ಲಿ ಕಳ್ಳತನದ ಆರೋಪ ಹೊರಿಸಿ ದಲಿತರಿಗೆ ಮಲ ತಿನ್ನಿಸಿದರು. ಊಟದ ಚರಿತ್ರೆ ಬರೆಯುವಾಗ ಅದನ್ನು ಬಿಟ್ಟು ಬರೆಯಲು ನಮಗೆ ಕೈ ಬರಲಿಲ್ಲ. ಹೆಚ್ಚು ಹೇಳಲೂ ಬಾರದು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲ್ಲುಗಳಲ್ಲಿ ದಲಿತರಿಗೆ ಪ್ರವೇಶ ಇಲ್ಲದ್ದನ್ನು ಪ್ರಶ್ನಿಸಿದ ಬಿಸಿ ಆರದೆ 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಒಂದು ಕಪ್ಪು ಚಾದ ಬೆಲೆ ಏರಿದ್ದು ಸಕ್ಕರೆ ಬೆಲೆಯಿಂದ ಮಾತ್ರ ಅಲ್ಲ.

ನಮ್ಮೊಳಗಿನ ಮಾತೂ ಆಡಿಬಿಡಬೇಕು. ಎಲ್ಲಮ್ಮನ ಗುಡ್ಡದಲ್ಲಿ ಪರಡಿ ತುಂಬಿಸಿ ಉಣ್ಣುವಾಗ ಹೊಲಗೇರಿಯ ಸಾಲು ಬೇರೆ, ಮಾದಿಗರ ಸಾಲು ಬೇರೆ. ಮೇಲಿನವರು ನಮಗೆ ಹೊರಗೆ ಗಿಲಾಸು ಇಟ್ಟರೆ ನಾವು ಒಬ್ಬರಿಗೊಬ್ಬರು ಕಲ್ಲು ಅಡ್ಡ ಇಟ್ಟುಕೊಂಡು ಒಲೆ ಹೂಡಿದೆವು. ಜೋಗತಿಯರ ಪರಡಿಗೆ ಬಿದ್ದ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಎಲ್ಲ ಕೇರಿಯದೂ ಕಲಸಿಹೋಗುತ್ತಿತ್ತು. ನಮ್ಮ ಹೆಣ್ಣುಮಕ್ಕಳನ್ನು ಬಿಡಿಸಲು 1982ರಲ್ಲಿ ಕಾಯಿದೆ ಬರಬೇಕಾಯಿತು, ಆ ಪದ್ಧತಿಯನ್ನು ಹೊಗಳುವ ಮಾತು ನಮ್ಮದಲ್ಲ; ಆದರೆ ಆ ಪರಡಿಯೊಂದರಲ್ಲೇ ನಮ್ಮ ಎರಡೂ ಕೇರಿಯ ಅನ್ನ ಕೂಡಿತ್ತು ಎಂಬುದೂ ಸತ್ಯ.

ಹಾಗಾದರೆ ಪ್ರವಾಸದಲ್ಲಿ ನಿಮಗೆ ಮೆಚ್ಚಿನ ಊಟ ಯಾವುದು? ಈ ಪ್ರಶ್ನೆಯನ್ನು ನಾವು ಕೇರಿಯಲ್ಲಿ ಕೇಳಿದೆವು. ಮುತ್ಯಾರ ವಾರಿಗೆಯವರು ಹೇಳಿದ್ದು ಬೇವಿನ ಮರದ ನೆರಳಿನ ಬುತ್ತಿ. ಬಾವಿಯವರು ಅವತ್ತು ಬೈಯದೆ ನೀರು ಹೊಯ್ದಿದ್ದರಂತೆ, ಹಿಂಡಿಯ ರುಚಿ ನೆನಪಿಲ್ಲ, ನೀರಿನ ರುಚಿ ನೆನಪಿದೆ. ಅಪ್ಪಂದಿರ ವಾರಿಗೆಯವರು ಹೇಳಿದ್ದು ಹುಬ್ಬಳ್ಳಿಯ ಪೂರಿ-ಭಾಜಿ; ಯಾರೂ ಯಾವ ಊರು, ಯಾವ ಮಂದಿ ಅಂತ ಕೇಳಲಿಲ್ಲ, ಅದಕ್ಕೇ ಎರಡು ತಾಟು ತಿಂದರು. ಹೆಸರು ಗೊತ್ತಿಲ್ಲದ ಊರಲ್ಲಿ ಮಾತ್ರ ಹೊಟ್ಟೆ ತುಂಬ ಉಣ್ಣುವ ಸುಖ ಎಂಥದ್ದು, ಅದರೊಳಗಿನ ಅಂಜಿಕೆ ಎಂಥದ್ದು! ನಮ್ಮ ವಾರಿಗೆಗೆ ಅದು ಧಾರವಾಡದ ಒಂದು ಖಾನಾವಳಿ. ಹಾಸ್ಟೆಲ್ಲಿನ ಏಳು ಜನ ಒಂದೇ ಮೇಜಿಗೆ ಕುಂತಿದ್ದೆವು. ಬಡಿಸುವ ಕಾಕಾ 'ಯಾವ ಊರಪಾ ನಿಮ್ಮದು' ಅಂದ. ನಮ್ಮಲ್ಲೊಬ್ಬ ಊರು ಹೇಳಿ, ಅವ ಕೇಳದಿದ್ದರೂ ಕೇರಿಯ ಹೆಸರನ್ನೂ ಹೇಳಿದ. ಒಂದು ಗಳಿಗೆ ಎಲ್ಲರ ಕೈ ತುತ್ತಿನ ಮೇಲೇ ನಿಂತಿತು. ಕಾಕಾ ಇನ್ನೊಂದು ಬಿಸಿರೊಟ್ಟಿ ತಂದು ಹಾಕಿ, ಪಲ್ಯ ಬೇಕೇನು ಅಂದ. ಎಣ್ಣೆಗಾಯಿ ಅವತ್ತು ಸ್ವಲ್ಪ ಉಪ್ಪಾಗಿತ್ತು. ಬಿಡದೆ ತಿಂದೆವು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಕೇರಿಯ ಆಯಿ, ಅವ್ವ, ಅತ್ತಿ ಎಲ್ಲ ಕೂಡಿ ಗುಡ್ಡಕ್ಕೆ ಹೊರಡುತ್ತಾರೆ. ಬುತ್ತಿಗಂಟು ಈಗಲೂ ಜೊತೆಗಿದೆ. ಗುಡ್ಡ ಇಳಿದು ಬಸ್ಸಿಗೆ ಕಾಯುವಾಗ ಹೋಟೆಲ್ಲಿಗೆ ಹೋಗಿ, ಮೇಜಿನ ಮೇಲೆಯೇ ಗಂಟು ಬಿಚ್ಚುತ್ತಾರೆ. ಹೊರಗಿನ ತಿಂಡಿ ತರಬಾರದು ಎಂಬ ಬೋರ್ಡು ಅವರಿಗೆ ಓದಲು ಬರುವುದಿಲ್ಲ, ಓದಿ ಹೇಳಿದರೂ ಕೇಳುವುದಿಲ್ಲ. ಮಿರ್ಚಿ ಭಜಿ ತರಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಮೊನ್ನೆ ಹುಡುಗ ಕಾಗದದ ಕಪ್ಪಿನಲ್ಲಿ ಚಾ ತಂದ. ಒಬ್ಬ ಆಯಿ ಅದನ್ನು ಹಿಂದಕ್ಕೆ ಸರಿಸಿ, ಪಕ್ಕದ ಮೇಜಿಗೆ ಬೆರಳು ತೋರಿಸಿ, 'ಇದು ಬ್ಯಾಡಪಾ ತಮ್ಮಾ, ಅವರಿಗೆ ಕೊಟ್ಟಿಯಲ್ಲ, ಅದರಾಗ ಕೊಡು' ಅಂದಳಂತೆ. ಹುಡುಗ ಗಲ್ಲೆಯ ಕಡೆ ನೋಡಿದ. ಗಲ್ಲೆಯ ಮೇಲಿದ್ದವ ತಲೆ ಹಾಕಿದ. ಐದು ಕಪ್ಪು, ಐದು ಬಸಿ ಬಂದವು.